ಹರಿಗೋಲಿನ ಸಂಸಾರ

ಹಾವೇರಿ ಎಂದೊಡನೆ ಜನರಿಗೆ ಏಲಕ್ಕಿ ಮಾಲೆ ನೆನಪಾಗುತ್ತದೆ. ರಾಣೇಬೆನ್ನೂರು ಎಂದರೆ ಕೃಷ್ಣಮೃಗಗಳು ಮತ್ತು ಬೀಜದ ವ್ಯಾಪಾರ. ಬ್ಯಾಡಗಿ ಎಂದರೆ ಕೇಳುವುದೇ ಬೇಡ, ಕೆಂಪು ಮೆಣಸಿನಕಾಯಿ. ಈ ಮೂರು ಊರುಗಳ ಹೆಸರು ಕೇಳಿದಾಗ ದೋಣಿ, ಬಲೆ, ದ್ವೀಪ ಎಂಬ ಮಾತುಗಳು ಯಾರ ಮನಸ್ಸಿಗೂ ಬರುವುದಿಲ್ಲ. ಸಮುದ್ರ ಘಟ್ಟದ ಆಚೆ ಉಳಿಯಿತು. ನಮ್ಮದು ಜೋಳ, ಹತ್ತಿ, ಗೋವಿನಜೋಳದ ಸೀಮೆ. ಆದರೂ ನಮ್ಮ ಜಿಲ್ಲೆಯ ಪೂರ್ವದ ಅಂಚಿಗೆ ತುಂಗಭದ್ರೆ ಹರಿಯುತ್ತಾಳೆ. ಕುಮುದ್ವತಿ ರಾಣೇಬೆನ್ನೂರು ತಾಲೂಕಿನಲ್ಲಿಯೂ ವರದೆ ಹಾವೇರಿ ತಾಲೂಕಿನ ಗಳಗನಾಥದಲ್ಲಿಯೂ ಅವಳನ್ನು ಕೂಡಿಕೊಳ್ಳುತ್ತವೆ. ಈ ನದಿಯೊಳಗೆ ದ್ವೀಪಗಳಿವೆ, ಆ ದ್ವೀಪಗಳ ನಡುವೆ ಗಂಡಹೆಂಡತಿ ಇಬ್ಬರೇ ಹರಿಗೋಲು ನಡೆಸುತ್ತ, ಮೀನು ಹಿಡಿಯುತ್ತ ದಿನಗಳನ್ನು ಕಳೆಯುವ ಸಂಸಾರಗಳೂ ಇದ್ದವು. ಅಂಥ ಒಂದು ಸಂಸಾರದ ಬಗ್ಗೆ ಬಹಳ ದಿನಗಳಿಂದ ಬರೆಯಬೇಕೆಂದುಕೊಂಡಿದ್ದೆ.

ದ್ವೀಪ ಎಂದ ಕೂಡಲೇ ತೆಂಗಿನ ಮರ, ನೀಲಿ ನೀರು, ಬಿಳಿ ಮರಳು ಎಂದು ಕಲ್ಪಿಸಿಕೊಳ್ಳಬೇಡಿರಿ. ನಮ್ಮ ಕಡೆಯ ಮಾತಿನಲ್ಲಿ ಅದು ನಡುಗಡ್ಡೆ. ಹಳಗನ್ನಡದಲ್ಲಿ ಅದಕ್ಕೆ ಕುರುವ ಎಂಬ ಹೆಸರಿದೆ. ಕರಾವಳಿಯವರು ಕುದ್ರು ಎನ್ನುತ್ತಾರೆ. ಮಳೆಗಾಲದಲ್ಲಿ ಹೊಳೆ ದಂಡೆಯಿಂದ ದಂಡೆಗೆ ತುಂಬಿ ಹರಿಯುವಾಗ ಇವು ಕಾಣುವುದೇ ಇಲ್ಲ. ದೀಪಾವಳಿ ದಾಟಿ ನೀರು ಇಳಿದಂತೆ ಮೊದಲು ಬಂಡೆಗಳ ನೆತ್ತಿ, ಆಮೇಲೆ ಮರಳಿನ ಬೆನ್ನು, ಕೊನೆಗೆ ಜೇಕಿನ ಹುಲ್ಲು, ನಾಲ್ಕು ಜಾಲಿಗಿಡ ತಲೆ ಎತ್ತುತ್ತವೆ. ಶಿವರಾತ್ರಿಯ ಹೊತ್ತಿಗೆ ಹೊಳೆ ಒಂದೇ ಹರಿವಾಗಿ ಉಳಿಯದೆ, ಮಡುಗಳೂ ಕವಲುಗಳೂ ನಡುಗಡ್ಡೆಗಳೂ ಸೇರಿದ ಒಂದು ಊರಿನಂತಾಗುತ್ತದೆ. ಮೀನು ಮಡುಗಳಲ್ಲಿ ನಿಲ್ಲುತ್ತದೆ. ಮೀನು ನಿಂತಲ್ಲಿಗೆ ಅಂಬಿಗರೂ ಹೋಗುತ್ತಾರೆ.

ಅಂಬಿಗ ಎಂದಾಗ ನಮ್ಮ ಜಿಲ್ಲೆಯವರಿಗೆ ನೆನಪಾಗಬೇಕಾದವನು 12ನೆಯ ಶತಮಾನದ ಅಂಬಿಗರ ಚೌಡಯ್ಯ. ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ ಮುಕ್ತೇಶ್ವರ ದೇವಾಲಯವೂ, ಹೊಳೆಯ ದಂಡೆಯಲ್ಲಿ ಚೌಡಯ್ಯನ ಗದ್ದುಗೆಯೂ ಇವೆ. ನನ್ನ ತರಗತಿಗಳಲ್ಲಿ ಕುಳಿತವರಿಗೆ ಒಂದು ಮಾತು ನೆನಪಿರಬಹುದು. ಹೆಚ್ಚಿನ ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಚೌಡಯ್ಯ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡ. ಆ ಹೆಸರಿನ ಮುಂದೆ ತನ್ನ ಕಾಯಕವನ್ನೂ ಇಟ್ಟ. ದೋಣಿ ನಡೆಸುವವನು ನಾನು ಎಂಬುದನ್ನು ಪ್ರತಿ ವಚನದ ಕೊನೆಗೂ ಹೇಳಿಯೇ ಹೋದ. ಕಾಯಕವನ್ನು ಹೆಸರಿನೊಡನೆ ಬರೆಯಿಸಿಕೊಳ್ಳುವುದು ಎಷ್ಟು ದೊಡ್ಡ ಸಂಗತಿ ಎಂಬುದು ನನಗೆ ಪಾಠ ಮಾಡುವಾಗ ತಿಳಿದದ್ದಕ್ಕಿಂತ ಹೆಚ್ಚಾಗಿ ಒಂದು ಜನಗಣತಿಯ ಕೆಲಸದಲ್ಲಿ ತಿಳಿಯಿತು.

2001ರ ಫೆಬ್ರವರಿ 9ರಿಂದ 28ರವರೆಗೆ ದೇಶದಲ್ಲೆಲ್ಲ ಜನಗಣತಿ ನಡೆಯಿತು. ಎಂದಿನಂತೆ ಶಿಕ್ಷಕರೇ ಗಣತಿದಾರರು. ನನ್ನ ಪಾಲಿಗೆ ಹೊಳೆಯ ದಂಡೆಯ ಒಂದು ಹಳ್ಳಿಯ ಓಣಿಗಳು ಬಂದಿದ್ದವು. ಗಣತಿಯಲ್ಲಿ ಹೇಳಿದ ಮಾತು ಗುಟ್ಟಾಗಿ ಉಳಿಯಬೇಕಾದದ್ದರಿಂದ ಊರಿನ ಹೆಸರನ್ನೂ ಆ ಮನೆಯವರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಆ ಮನೆಯ ಹುಡುಗಿ ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಳು ಎಂದಷ್ಟೇ ಹೇಳಬಲ್ಲೆ. ಅಂಗಳದಲ್ಲಿ ಹರಿಗೋಲು ಬೋರಲಾಗಿ ಬಿದ್ದಿತ್ತು. ಅದರ ನೆರಳಿನಲ್ಲಿ ಕುಳಿತು ತಾಯಿ ಬಲೆ ಹೆಣೆಯುತ್ತಿದ್ದರು. ತಂದೆ ನನ್ನ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಹೆಂಡತಿಯ ಉದ್ಯೋಗದ ಪ್ರಶ್ನೆ ಬಂದಾಗ ಅವರು ತಡವರಿಸಲಿಲ್ಲ.

"ಆಕೀ ಏನ್ ಮಾಡ್ತಾಳ್ರೀ ಅಕ್ಕೋರ, ಮನ್ಯಾಗ ಇರ್ತಾಳ. ಮನಿಗೆಲಸ ಅಂತ ಬರ್ಕೊಳ್ರಿ."

ಗಣತಿದಾರರಿಗೆ ಕೊಟ್ಟ ತರಬೇತಿಯಲ್ಲಿ ಒಂದು ಸೂಚನೆಯಿತ್ತು. ಮನೆತನದ ಹೊಲದಲ್ಲೋ ಉದ್ಯೋಗದಲ್ಲೋ ಕೂಲಿಯಿಲ್ಲದೆ ದುಡಿದರೂ ಅದು ಕೆಲಸವೇ. ಹೆಂಗಸರ ವಿಷಯದಲ್ಲಿ ಇದನ್ನು ಕೇಳಿ ತಿಳಿಯಬೇಕು ಎಂದು. ಆದ್ದರಿಂದ ಕೇಳಿದೆ.

"ನೀವು ಬಲಿ ಬಿಡಾಕ ಹೋದಾಗ ಹುಟ್ಟು ಯಾರು ಹಾಕ್ತಾರ್ರೀ?"

"ಹುಟ್ಟು ಆಕೀನ ಹಾಕ್ತಾಳ್ರಿ. ನಾ ಬಲಿ ಬಿಡಬೇಕಲ್ರಿ."

"ಬಲಿ ಹರಿದ್ರ?"

"ಆಕೀನ ಹೆಣೀತಾಳ್ರಿ."

"ಮೀನ ಮಾರೋದು?"

"ಅದೂ ಆಕೀನ…" ಎನ್ನುತ್ತ ಅವರಿಗೇ ನಗು ಬಂತು. ಬಲೆಯಿಂದ ತಲೆಯೆತ್ತದೆಯೇ ಆ ತಾಯಿ ಹೇಳಿದರು: "ಇಷ್ಟೆಲ್ಲಾ ಮಾಡಿ ಮನಿಗೆಲಸಾನೂ ನಾನ ಮಾಡ್ತೇನ್ರಿ ಅಕ್ಕೋರ. ಅದನ್ನೂ ಬರ್ಕೊಳ್ರಿ."

ಮನೆಗೆಲಸಕ್ಕೆ ಆ ನಮೂನೆಯಲ್ಲಿ ಕೆಲಸ ಎಂಬ ಮಾನ್ಯತೆ ಇರಲಿಲ್ಲ. ಆದರೆ ಇಬ್ಬರ ಹೆಸರಿನ ಮುಂದೆಯೂ ಮೀನುಗಾರಿಕೆ ಎಂದು ಬರೆದೆ. ಗಂಡ ಬೇಡವೆನ್ನಲಿಲ್ಲ. "ಖರೇನ ಐತ್ರಿ ಅದು" ಎಂದರು.

ಆ ಪರಿಚಯದಿಂದಲೇ ಬೇಸಿಗೆಯ ರಜೆಯಲ್ಲಿ ಒಂದು ದಿನ, ನಾನೂ ನಮ್ಮ ಮನೆಯವರೂ ಅವರೊಡನೆ ಹೊಳೆಗೆ ಇಳಿದೆವು. ಹರಿಗೋಲನ್ನು ನಾನು ದಂಡೆಯಿಂದ ಎಷ್ಟೋ ಸಲ ನೋಡಿದ್ದೆ. ಒಳಗೆ ಕುಳಿತದ್ದು ಅದೇ ಮೊದಲು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಅಂಚಿಗೆ ದಪ್ಪನೆಯ ಕಟ್ಟು ಕೊಟ್ಟು, ಹೊರಗೆ ಹೊದಿಕೆ ಹಾಕಿರುತ್ತಾರೆ. ಹಿಂದೆ ಹೊದಿಕೆ ಚರ್ಮದ್ದಾಗಿತ್ತು. ನಾವು ಕುಳಿತದ್ದಕ್ಕೆ ಪ್ಲಾಸ್ಟಿಕ್ ಚೀಲಗಳನ್ನು ಹೊಲಿದು, ಮೇಲೆ ಡಾಂಬರು ಬಳಿದಿದ್ದರು. ಈಚೆಗೆ ಫೈಬರಿನವೂ ಬಂದಿವೆ. ಹರಿಗೋಲಿಗೆ ಹಿಂದು ಮುಂದು ಎಂಬುದಿಲ್ಲ. ಹುಟ್ಟು ಹಾಕುವವರು ಯಾವ ಕಡೆ ಕುಳಿತಿರುವರೋ ಅದೇ ಮುಂದು. ಆ ತಾಯಿ ಮೊಣಕಾಲೂರಿ ಕುಳಿತು, ಹುಟ್ಟಿನಿಂದ ನೀರನ್ನು ತಮ್ಮ ಕಡೆಗೆ ಸೆಳೆದುಕೊಳ್ಳುತ್ತ, ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಹೊರಳಿಸುತ್ತಿದ್ದರು. ನಮ್ಮ ಮನೆಯವರು ತಾವೂ ನೋಡುತ್ತೇನೆಂದು ಹುಟ್ಟು ಇಸಿದುಕೊಂಡಾಗ ಹರಿಗೋಲು ನಿಂತಲ್ಲಿಯೇ ಬುಗುರಿಯಂತೆ ತಿರುಗಿತು. ಹುಡುಗಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ತಿರುಗುವ ಈ ಗುಣ ಹೊಸದೇನಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ತುಂಗಭದ್ರೆಯನ್ನು ಆನೆಗೊಂದಿಯ ಹತ್ತಿರ ದಾಟುವ ದೋಣಿಗಳ ಬಗ್ಗೆ ಬರೆದಿದ್ದಾನೆ. ಬುಟ್ಟಿಯಂತೆ ದುಂಡಗಿನವು, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನು ಹೊರಬಲ್ಲವು, ಬೇಕಾದರೆ ಕುದುರೆ ಎತ್ತುಗಳನ್ನೂ. ಆದರೆ ಬೇರೆ ದೋಣಿಗಳಂತೆ ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಲೇ ಇರುತ್ತವೆ ಎಂದು. ಅದಕ್ಕೂ ಸಾವಿರಾರು ವರ್ಷ ಮೊದಲು, ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿಗೆ ಬರುತ್ತಿದ್ದ ಚರ್ಮದ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಇಬ್ಬರು ನಿಂತು ಹುಟ್ಟು ಹಾಕುತ್ತಿದ್ದರಂತೆ; ಒಬ್ಬ ಸೆಳೆದರೆ ಇನ್ನೊಬ್ಬ ದೂಡುತ್ತಿದ್ದ. ಹೊಳೆಗೆ ಎದುರಾಗಿ ದೋಣಿ ಹೋಗದ ಕಾರಣ, ಸರಕು ಮಾರಿದ ಮೇಲೆ ಕಟ್ಟಿಗೆಯನ್ನೂ ಮಾರಿಬಿಟ್ಟು, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಲ್ಲಿ ಹಿಂತಿರುಗುತ್ತಿದ್ದರು. ನಮ್ಮವರಿಗೆ ಕತ್ತೆ ಇರಲಿಲ್ಲ. ಹೊಳೆಯ ಜೊತೆಗೆ ಕೆಳಗೆ ತೇಲಿ ಹೋಗುವುದು, ಮರಳುವಾಗ ಗಂಡ ಹರಿಗೋಲನ್ನು ಆಮೆಯ ಚಿಪ್ಪಿನಂತೆ ತಲೆಯ ಮೇಲೆ ಹೊರುವುದು, ಹಿಂದಿನಿಂದ ಹೆಂಡತಿ ಬಲೆ, ಪಾತ್ರೆ, ಹಾಸಿಗೆ ಹೊತ್ತು ನಡೆಯುವುದು. ಭಾಗ್ಯವಿದ್ದರೆ ಯಾರದಾದರೂ ಚಕ್ಕಡಿ ಸಿಗುತ್ತಿತ್ತು.

ಬೇಸಿಗೆಯಲ್ಲಿ ಹೀಗೆ ಹೊರಟರೆ ಹದಿನೈದು ಇಪ್ಪತ್ತು ದಿನ ಅವರು ಮನೆಗೆ ಬರುತ್ತಿರಲಿಲ್ಲ. ಒಂದು ನಡುಗಡ್ಡೆಯಲ್ಲಿ ಎರಡು ಮೂರು ರಾತ್ರಿ. ಆ ಮಡುವಿನಲ್ಲಿ ಮೀನು ಸಾಲದೆನಿಸಿದರೆ ಮುಂದಿನ ನಡುಗಡ್ಡೆ. ಸಂಜೆ ಹೊತ್ತು ಮುಳುಗುವಾಗ ಬಲೆ ಬಿಡುವುದು. ಆಕೆ ಮಡುವಿಗೆ ಅಡ್ಡಲಾಗಿ ನಿಧಾನ ಹುಟ್ಟು ಹಾಕಿದರೆ, ಆತ ಬಲೆಯನ್ನು ಸಿಕ್ಕಾಗದಂತೆ ಮಾರು ಮಾರು ಬಿಡುತ್ತ ಹೋಗುತ್ತಿದ್ದರು. ಮೇಲಂಚಿಗೆ ಹಳೆಯ ರಬ್ಬರ್ ಚಪ್ಪಲಿಗಳ ತುಂಡುಗಳು ತೇಲಲು. ಕೆಳಂಚಿಗೆ ಮುಳುಗಲು ಭಾರದ ಗುಂಡುಗಳು. ಹುಟ್ಟು ಒಂದು ಕ್ಷಣ ಅವಸರವಾದರೆ ಬಲೆ ಬಿಗಿಯುತ್ತದೆ, ತಡವಾದರೆ ಮುದ್ದೆಯಾಗುತ್ತದೆ. ದಂಡೆಯಲ್ಲಿ ಮಾತೆಲ್ಲ ಗಂಡನದಾಗಿತ್ತು. ನೀರಿನ ಮೇಲೆ ಮಾತೇ ಇರಲಿಲ್ಲ. "ಹೂಂ" ಎಂದರೆ ಬಿಡುವುದು, "ತಡೀರಿ" ಎಂದರೆ ನಿಲ್ಲಿಸುವುದು. ಅಷ್ಟೂ ಆಕೆಯದೇ ಮಾತು. ನಸುಕಿನಲ್ಲಿ ಬಲೆ ಎತ್ತುವುದು. ನಾವು ಹೋದ ದಿನ ಸಿಕ್ಕದ್ದು ಒಂದು ಬಾಳೆಮೀನು, ಕೆಲವು ಕುಚ್ಚುಮೀನು, ಉಳಿದದ್ದೆಲ್ಲ ಜಿಲೇಬಿ. ಈ ಜಿಲೇಬಿ, ಅಂದರೆ ತಿಲಾಪಿಯಾ, ನಮ್ಮ ಹೊಳೆಯ ಹುಟ್ಟು ಮೀನಲ್ಲ. 1952ರಲ್ಲಿ ಹೊರದೇಶದಿಂದ ಭಾರತಕ್ಕೆ ತಂದದ್ದು, ಹರಡಿ ಎಲ್ಲ ನೀರನ್ನೂ ತನ್ನದಾಗಿಸಿಕೊಂಡಿತು. ಚೇಳುಮೀನನ್ನು ಬಲೆಯಿಂದ ಬಿಡಿಸುವ ಕೆಲಸ ಮಾತ್ರ ಆಕೆ ಮಗಳಿಗೆ ಕೊಡುತ್ತಿರಲಿಲ್ಲ. ಅದರ ಮುಳ್ಳು ಚುಚ್ಚಿದರೆ ದಿನವಿಡೀ ಉರಿ.

ಬಲೆಯ ಕಣ್ಣನ್ನು ಅವರು ಬೆರಳುಗಳಿಂದ ಅಳೆಯುತ್ತಿದ್ದರು. ಮೂರು ಬೆರಳಿಗಿಂತ ಸಣ್ಣ ಕಣ್ಣಿನ ಬಲೆ ಅವರ ಹತ್ತಿರ ಇರಲಿಲ್ಲ. ಏಕೆಂದು ಕೇಳಿದೆ. "ಮರೀನೂ ಹಿಡಿದ್ರ ಮುಂದಿನ ವರ್ಷ ಏನ್ ಹಿಡೀಬೇಕ್ರೀ?" ಎಂದರು ಆ ತಾಯಿ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯಬಾರದೆಂದು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಹೇಳಿದೆ. ಆಕೆಗೆ ಕಾಯಿದೆ ತಿಳಿಯದು, ಹೊಳೆ ತಿಳಿದಿತ್ತು.

ಮಧ್ಯಾಹ್ನ ಮೂರು ಕಲ್ಲುಗಳ ಒಲೆಯ ಮೇಲೆ ಮೀನಿನ ಸಾರು ಕುದಿಯಿತು. ನಾವು ಸಸ್ಯಾಹಾರಿಗಳೆಂದು ತಿಳಿದು ನಮಗಾಗಿ ಬೇರೆಯೇ ರೊಟ್ಟಿ, ಸೇಂಗಾ ಚಟ್ನಿ ಕಟ್ಟಿ ತಂದಿದ್ದರು. ಸಾರಿನ ಬಣ್ಣ ಮಾತ್ರ ನಮ್ಮ ಕಣ್ಣನ್ನೂ ಸೆಳೆಯಿತು. ಬ್ಯಾಡಗಿಯ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಮಂಗಳೂರು ಉಡುಪಿಯವರ ಸಮುದ್ರದ ಮೀನಿನ ಸಾರಿಗೆ ಕೆಂಪು ಕೊಡುವುದೂ ಇದೇ ಕಾಯಿ. ದೊಡ್ಡ ನದಿಯಿಲ್ಲದ ಬ್ಯಾಡಗಿಯ ಪೇಟೆ, ಹೊಳೆಯ ಮೀನಿಗೂ ಕಡಲ ಮೀನಿಗೂ ಒಂದೇ ಬಣ್ಣ ಬಳಿದಿದೆಯಲ್ಲ ಎಂದು ನಮ್ಮ ಮನೆಯವರು ನಕ್ಕರು.

ಅಂದು ನಾನು ಕಂಡ ಇನ್ನೊಂದು ಸಂಗತಿಯನ್ನು ಹೇಳಬೇಕು. ನಡುಗಡ್ಡೆಯಲ್ಲಿ ಇಳಿದೊಡನೆ ಆ ತಾಯಿ ಒಂದು ಕಡ್ಡಿಯನ್ನು ನೀರಿನ ಅಂಚಿಗೆ ಸರಿಯಾಗಿ ಊರಿದರು. ಮೇಲಿನ ಜಲಾಶಯಗಳಿಂದ ನೀರು ಬಿಟ್ಟರೆ ಹೊಳೆ ರಾತ್ರೋರಾತ್ರಿ ಏರುತ್ತದೆ. ಕುಡಿಯುವ ನೀರಿಗೆಂದೋ ಮೈಲಾರದ ಜಾತ್ರೆಗೆಂದೋ ಭದ್ರೆಯಿಂದ ನೀರು ಬಿಡುವುದುಂಟು. ಆ ಸುದ್ದಿ ದಂಡೆಯ ಊರುಗಳಿಗೆ ಬರಬಹುದು, ನಡುಗಡ್ಡೆಯಲ್ಲಿ ಮಲಗಿದವರಿಗೆ ಹೇಳುವವರು ಯಾರು? ಆದ್ದರಿಂದ ರಾತ್ರಿ ಎರಡು ಮೂರು ಸಲ ಎದ್ದು ಕಡ್ಡಿ ನೋಡುವುದು ಆಕೆಯ ಕೆಲಸ. ಕಡ್ಡಿಯ ಬುಡ ಮುಳುಗಿದ್ದರೆ ಎಲ್ಲರನ್ನೂ ಎಬ್ಬಿಸುವುದು. ಈ ಕೆಲಸಕ್ಕೆ ನನ್ನ ನಮೂನೆಯ ಯಾವ ಕಲಮಿನಲ್ಲಿಯೂ ಜಾಗವಿರಲಿಲ್ಲ.

ಸಮುದ್ರದ ದ್ವೀಪಗಳ ನಡುವೆ ಗಂಡಹೆಂಡತಿ ಇಬ್ಬರೇ ಹಾಯಿದೋಣಿಯಲ್ಲಿ ತಿರುಗಾಡಿದ ಕಥೆಗಳನ್ನು ನೀವು ಓದಿರಬಹುದು. ಇಂಗ್ಲೆಂಡಿನ ಎರಿಕ್ ಮತ್ತು ಸೂಸನ್ ಹಿಸ್ಕಾಕ್ ದಂಪತಿಗಳು 1952ರಿಂದ 1955ರವರೆಗೆ ಸುಮಾರು 30 ಅಡಿ ಉದ್ದದ 'ವಾಂಡರರ್ 3' ಎಂಬ ದೋಣಿಯಲ್ಲಿ ಜಗತ್ತನ್ನೇ ಸುತ್ತಿ ಬಂದರು. ರಾತ್ರಿ ಒಬ್ಬರು ಮಲಗಿದರೆ ಇನ್ನೊಬ್ಬರು ಎಚ್ಚರವಿದ್ದು ಕಾಯುವುದು ಅಂಥ ಪ್ರಯಾಣದ ನಿಯಮ. ಆ ಪ್ರವಾಸದ ಪುಸ್ತಕ ಬರೆದವರು ಎರಿಕ್. ಹೊದಿಕೆಯ ಮೇಲಿರುವುದು ಅವರ ಹೆಸರು. ಅವರದು ಮನಸ್ಸಿನಿಂದ ಆರಿಸಿಕೊಂಡ ಯಾನ, ನಮ್ಮವರದು ಹೊಟ್ಟೆಪಾಡು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆದರೂ ಮೂವತ್ತು ಅಡಿಯ ದೋಣಿಯಾಗಲಿ ಏಳು ಅಡಿಯ ಹರಿಗೋಲಾಗಲಿ, ನೀರಿನ ಮೇಲೆ ಇಬ್ಬರೇ ಇದ್ದಾಗ ಒಬ್ಬರು ಯಜಮಾನರು, ಇನ್ನೊಬ್ಬರು ಜೊತೆಗೆ ಬಂದವರು ಎಂಬ ಲೆಕ್ಕ ನಡೆಯುವುದಿಲ್ಲ. ಆ ಲೆಕ್ಕ ದಂಡೆಗೆ ಬಂದ ಮೇಲೆ ಶುರುವಾಗುತ್ತದೆ.

ಮುಂದಿನ ವರ್ಷಗಳಲ್ಲಿ ಹೊಳೆ ಬದಲಾಯಿತು. ಕಾರ್ಖಾನೆಗಳ ಕಲ್ಮಶದಿಂದ ತುಂಗಭದ್ರೆಯನ್ನು ಉಳಿಸಲು ಸಮಾಜ ಪರಿವರ್ತನ ಸಮುದಾಯ 1980ರ ದಶಕದಲ್ಲಿಯೇ ಹೋರಾಡಿತ್ತು. ಅದರ ಹಿಂದೆಯೇ ಮರಳಿನ ಲಾರಿಗಳು ಬಂದವು. ಮರಳು ಹೋದಲ್ಲಿ ಗುಂಡಿಗಳಾದವು, ಕೆಲವು ನಡುಗಡ್ಡೆಗಳು ಕರಗಿದವು. ಸೇತುವೆಗಳಾದಂತೆ ಜನರನ್ನು ದಾಟಿಸುವ ಕಾಯಕವೂ ಕಡಿಮೆಯಾಯಿತು. ಮೀನು ಕೊಳ್ಳುವವರು ಕಾರವಾರದ ಕಡೆಯಿಂದ ಬರ್ಫಿನಲ್ಲಿ ಬರುವ ಕಡಲ ಮೀನನ್ನು ಕೇಳತೊಡಗಿದರು. ಆದರೂ ಆ ದಂಪತಿಗಳು ಹೊಳೆಯನ್ನು ಬಿಡಲಿಲ್ಲ. ಮಗಳು ಎಸ್.ಎಸ್.ಎಲ್.ಸಿ. ಪಾಸಾಗಿ, ಟಿ.ಸಿ.ಎಚ್. ಮುಗಿಸಿದ್ದು ಆ ಜಿಲೇಬಿ ಮೀನಿನ ದುಡ್ಡಿನಿಂದಲೇ.

2012ರಲ್ಲಿ ಆ ತಂದೆ ಕಾಯಿಲೆಯಿಂದ ತೀರಿಕೊಂಡರು. ಮಾಸಿಕ ಮುಗಿದ ಮೇಲೆ ಆ ತಾಯಿ ನನ್ನ ಹತ್ತಿರ ಬಂದದ್ದು ಒಂದು ಅರ್ಜಿಗಾಗಿ. ಮೀನು ಹಿಡಿಯುವ ಪರವಾನಗಿಯೂ ಸಂಘದ ಸದಸ್ಯತ್ವವೂ ಗಂಡನ ಹೆಸರಿನಲ್ಲಿದ್ದವು. ಅವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ಆಕೆಯ ಇಚ್ಛೆ. ವೃತ್ತಿ ಎಂಬಲ್ಲಿ ಮೀನುಗಾರಿಕೆ, ಮೂವತ್ತು ವರ್ಷಗಳ ಅನುಭವ ಎಂದು ಬರೆದುಕೊಟ್ಟೆ. ಅರ್ಜಿ ಒಯ್ದ ಕಡೆ ಕೇಳಿದರಂತೆ, ನೀವು ಮೀನು ಹಿಡಿಯುವವರು ಎಂಬುದಕ್ಕೆ ಪುರಾವೆ ಏನು ಎಂದು. ಗಂಡುಮಗನಿದ್ದರೆ ಅವನ ಹೆಸರಿಗೆ ಮಾಡಿಸಿರಿ, ಸುಲಭವಾಗುತ್ತದೆ ಎಂದೂ ಹೇಳಿದರಂತೆ.

ಪುರಾವೆ ಇತ್ತು. 2001ರ ಗಣತಿಯ ನಮೂನೆಯಲ್ಲಿ ನನ್ನದೇ ಅಕ್ಷರದಲ್ಲಿತ್ತು. ಆದರೆ 1948ರ ಜನಗಣತಿ ಕಾಯಿದೆಯ ಪ್ರಕಾರ ಆ ದಾಖಲೆಯನ್ನು ಯಾರೂ ನೋಡುವಂತಿಲ್ಲ, ಸಾಕ್ಷ್ಯವಾಗಿ ಒಪ್ಪಿಸುವಂತೆಯೂ ಇಲ್ಲ. ಆ ನಿಯಮ ಒಳ್ಳೆಯದೇ. ಅದಿಲ್ಲದಿದ್ದರೆ ಜನರು ನಿಜ ಹೇಳುವುದಿಲ್ಲ. ಹೀಗಾಗಿ ದೇಶದ ಲೆಕ್ಕದಲ್ಲಿ ಆಕೆ ಮೀನುಗಾರಳಾಗಿದ್ದರೂ, ಊರಿನ ಲೆಕ್ಕದಲ್ಲಿ ಮೀನುಗಾರನ ವಿಧವೆಯಾಗಿಯೇ ಉಳಿದರು. ಕೊನೆಗೆ ಸದಸ್ಯತ್ವ ಮಗನ ಹೆಸರಿಗಾಯಿತು. ಮಗ ರಾಣೇಬೆನ್ನೂರಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಹುಟ್ಟು ಹಿಡಿಯಲು ಅವನಿಗೆ ಬರುತ್ತಿರಲಿಲ್ಲ.

ಹರಿಗೋಲಿಗೆ ಇಬ್ಬರು ಬೇಕು. ಆಕೆ ತಮ್ಮ ನೆಗೆಣ್ಣಿಯನ್ನು ಜೊತೆ ಮಾಡಿಕೊಂಡರು. ಆ ಹೆಂಗಸಿಗೆ ಹುಟ್ಟು ಕಲಿಸಿ, ತಾವು ಬಲೆಯ ಕಡೆಗೆ ಸರಿದರು. ಇಬ್ಬರು ಹೆಂಗಸರು ಹೊಳೆಗಿಳಿದದ್ದನ್ನು ಕಂಡು ಊರವರು ಮೊದಲು ಮಾತಾಡಿಕೊಂಡರು. ಮೀನು ಬಂದಾಗ ಕೊಂಡರು. ನಡುಗಡ್ಡೆಗಳಲ್ಲಿ ರಾತ್ರಿ ಉಳಿಯುವುದನ್ನು ಮಾತ್ರ ಅವರು ಬಿಟ್ಟರು. ಏಳು ವರ್ಷ ಹೀಗೆ ನಡೆಯಿತು. 2019ರ ಆಗಸ್ಟಿನ ಮಹಾಪೂರದಲ್ಲಿ ಕಟ್ಟಿಹಾಕಿದ್ದ ಹರಿಗೋಲು ಹಗ್ಗ ಹರಿದುಕೊಂಡು ಹೋಯಿತು. ಹೊಸದನ್ನು ಹೆಣೆಸುವ ವಯಸ್ಸು ತಮಗಿಲ್ಲವೆಂದು ಆಕೆ ಸುಮ್ಮನಾದರು. ಈಗ ಮಗಳ ಮನೆಯಲ್ಲಿದ್ದಾರೆ. ಮೊಮ್ಮಕ್ಕಳ ಕ್ರಿಕೆಟ್ಟಿಗೆ ನೆಟ್ ಹೆಣೆದುಕೊಟ್ಟಿದ್ದಾರೆಂದು ಮಗಳು ಫೋನಿನಲ್ಲಿ ಹೇಳಿದಳು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದೆ ಹೋಗಿ, 2027ರ ಮಾರ್ಚ್ 1ನ್ನು ಆಧಾರ ದಿನವನ್ನಾಗಿ ಗೊತ್ತುಮಾಡಿದ ಪ್ರಕಟಣೆ 2025ರ ಜೂನ್‌ನಲ್ಲಿ ಹೊರಬಿದ್ದಿತು. ಈ ಕೆಲಸ ನಿಮ್ಮಲ್ಲಿ ಎಷ್ಟೋ ಜನರ ಪಾಲಿಗೆ ಬರುತ್ತದೆ. ಬಿಸಿಲು, ನಾಯಿಕಾಟ, ಮುಗಿಯದ ಮನೆಗಳು, ಎಲ್ಲ ನಿಜ. ಆದರೂ ಯಾವುದೋ ಅಂಗಳದಲ್ಲಿ ಯಜಮಾನರು "ಮನಿಗೆಲಸ ಅಂತ ಬರ್ಕೊಳ್ರಿ" ಎಂದಾಗ, ಹಾಗೆಯೇ ಗುರುತು ಹಾಕಿ ಮುಂದಿನ ಮನೆಗೆ ಹೋಗಬೇಡಿರಿ. ಹುಟ್ಟು ಯಾರು ಹಾಕುತ್ತಾರೆ ಎಂದು ಒಂದು ಮಾತು ಕೇಳಿರಿ. ಹೊಲವಿದ್ದರೆ ಕಳೆ ಯಾರು ಕೀಳುತ್ತಾರೆ ಎಂದು, ಬ್ಯಾಡಗಿಯ ಕಡೆಯಾದರೆ ಮೆಣಸಿನಕಾಯಿಯ ತೊಟ್ಟು ಯಾರು ಬಿಡಿಸುತ್ತಾರೆ ಎಂದು ಕೇಳಿರಿ. ಉತ್ತರ ಬರಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ಉಳಿಸಿಕೊಳ್ಳಬೇಡಿರಿ.